ದಣಿದ ಕಾಯಕಕ್ಕೆ ಶಿವನ ಆಸರೆ

ದುಡಿಮೆಯನ್ನೇ ಪೂಜೆಯ ಪದವಿಗೆ ಏರಿಸಿದುದು ಶಿವಶರಣರು ಲೋಕಕ್ಕಿತ್ತ ದೊಡ್ಡ ಕಾಣಿಕೆ. 12ನೆಯ ಶತಮಾನದ ಕಲ್ಯಾಣದಲ್ಲಿ ಬಟ್ಟೆ ಒಗೆಯುವ ಮಾಚಯ್ಯನೂ, ದೋಣಿ ನಡೆಸುವ ಚೌಡಯ್ಯನೂ, ಬಿದಿರು ಹೆಣೆಯುವ ಕೇತಯ್ಯನೂ, ಹಗ್ಗ ಹೊಸೆಯುವ ಚಂದಯ್ಯನೂ ತಮ್ಮ ತಮ್ಮ ಕಾಯಕದಲ್ಲಿಯೇ ಕೈಲಾಸವನ್ನು ಕಂಡರು. ಕೈಲಾಸವು ಬೇರೊಂದು ಲೋಕದಲ್ಲಿಲ್ಲ, ಸತ್ಯಶುದ್ಧವಾದ ದುಡಿಮೆಯಲ್ಲಿಯೇ ಇದೆ ಎಂಬ ಈ ತತ್ತ್ವವು ಪ್ರತಿಯೊಬ್ಬ ಲಿಂಗವಂತ ಗೃಹಸ್ಥನಿಗೂ ಬಾಲ್ಯದಿಂದಲೇ ಕಿವಿಗೆ ಬಿದ್ದಿರುತ್ತದೆ. ಆದರೆ ಈ ತತ್ತ್ವವನ್ನು ನಂಬಿ ನಡೆದವನ ಬಾಳಿನಲ್ಲಿಯೂ ಒಂದು ದಿನ ಕಠಿಣವಾದ ಪ್ರಶ್ನೆಯೊಂದು ಏಳುತ್ತದೆ. ಕೈಲಾಸವೆಂದು ನಂಬಿದ ಕಾಯಕವೇ ಹೊರಲಾರದ ಹೊರೆಯಾದರೆ ಭಕ್ತನು ಮಾಡತಕ್ಕುದೇನು?

ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ದೇಹದ ದಣಿವು ಒಂದು ರಾತ್ರಿಯ ನಿದ್ರೆಯಿಂದ ಕಳೆಯುತ್ತದೆ. ಹಗಲೆಲ್ಲ ಹೊಲ ಹರಗಿದ ರೈತನು ರೊಟ್ಟಿಯುಂಡು ಮಲಗಿದರೆ ಬೆಳಗಿಗೆ ಹೊಸಬನಾಗಿ ಏಳುತ್ತಾನೆ. ಇಲ್ಲಿ ಹೇಳುವ ದಣಿವು ಅಂತಹದಲ್ಲ. ಇದು ಮನದ ಬರಗಾಲ. ಕೈ ಕೆಲಸ ಮಾಡುತ್ತಿರುತ್ತದೆ, ಮನದಲ್ಲಿ ಒರತೆ ಬತ್ತಿರುತ್ತದೆ. ಲಿಂಗಪೂಜೆಗೆ ಕುಳಿತರೆ ಕ್ರಿಯೆ ನಡೆಯುತ್ತದೆ, ಭಾವ ಕೂಡುವುದಿಲ್ಲ. ಬಾಗಿಲಿಗೆ ಅತಿಥಿ ಬಂದರೆ ಬಾಯಿ ‘ಬನ್ನಿ’ ಎನ್ನುತ್ತದೆ, ಎದೆ ಮಾತ್ರ ಕುಸಿಯುತ್ತದೆ. ಸಣ್ಣ ಮಾತಿಗೆ ಸಿಟ್ಟು ಬರುತ್ತದೆ. ಜೊತೆಯವರೆಲ್ಲ ಸೋಮಾರಿಗಳಾಗಿ ಕಾಣುತ್ತಾರೆ. ‘ಎಲ್ಲವನ್ನೂ ನಾನೊಬ್ಬನೇ ಮಾಡಬೇಕು’ ಎಂಬ ಅಳಲು ಮೊದಲು ಹುಟ್ಟಿ, ‘ಇಷ್ಟೆಲ್ಲ ಯಾರಿಗಾಗಿ’ ಎಂಬ ನಿರಾಶೆ ಅದರ ಹಿಂದೆಯೇ ಬರುತ್ತದೆ. ಗಮನಿಸಬೇಕಾದುದೇನೆಂದರೆ, ಈ ವ್ಯಾಧಿಯು ಮೈಗಳ್ಳನಿಗೆ ಬರುವುದಿಲ್ಲ. ಮನವಿಟ್ಟು ದುಡಿದವನಿಗೆ, ಹತ್ತು ಜನರ ಹೊಣೆ ಹೊತ್ತವನಿಗೆ, ಇಲ್ಲವೆನ್ನಲು ಅರಿಯದವನಿಗೆ ಬರುತ್ತದೆ. ಆದುದರಿಂದ ಇದರಲ್ಲಿ ನಾಚಿಕೆ ಪಡತಕ್ಕುದೇನೂ ಇಲ್ಲ. ಆದರೆ ಎಚ್ಚರ ತಪ್ಪಿದರೆ ಭಕ್ತಿಯ ಬೇರನ್ನೇ ಇದು ಒಣಗಿಸಬಲ್ಲದು.

ಜಾತ್ರೆಯ ದಾಸೋಹದ ಹೊಣೆ ಹೊತ್ತ ಭಕ್ತನೊಬ್ಬನನ್ನು ಭಾವಿಸಿಕೊಳ್ಳಬಹುದು. ಮೊದಲ ವರ್ಷ ಅವನು ಜೋಳದ ಚೀಲಗಳನ್ನು ಹೆಗಲ ಮೇಲೆ ಹೊತ್ತು ತಂದನು. ಉಣ್ಣುವವರ ಮುಖದಲ್ಲಿ ಜಂಗಮನನ್ನು ಕಂಡು ಕಣ್ಣೀರಿಟ್ಟನು. ಐದನೆಯ ವರ್ಷಕ್ಕೆ ಊರೆಲ್ಲ ಅವನನ್ನು ಹೊಗಳಿತು. ಅವನಿಲ್ಲದೆ ದಾಸೋಹ ನಡೆಯದು ಎಂದಿತು. ಅವನೂ ಹಾಗೆಯೇ ನಂಬಿದನು. ಹತ್ತನೆಯ ವರ್ಷಕ್ಕೆ ಒಲೆಯ ಬಳಿಯಲ್ಲಿ ಅವನ ಗದರಿಕೆಯೇ ಕೇಳಿಸುತ್ತಿತ್ತು. ಪಂಕ್ತಿಯಲ್ಲಿ ಎರಡನೆಯ ಸಲ ಅನ್ನ ಕೇಳಿದ ಮುದುಕನ ಮೇಲೆ ಅವನು ಸಿಡುಕಿದನು. ಅನ್ನವೇನೋ ಅದೇ ಅನ್ನ, ಸಾರೂ ಅದೇ ಸಾರು. ಆದರೆ ಆ ಎಲೆಯ ಮೇಲೆ ಬಿದ್ದುದು ಪ್ರಸಾದವಾಗಿ ಉಳಿಯಲಿಲ್ಲ. ಆ ರಾತ್ರಿ ನೀಡುವವನೂ ಹಸಿದಿದ್ದನು, ಉಂಡವನೂ ನೊಂದು ಎದ್ದನು. ಇಂತಹ ಹತ್ತನೆಯ ವರ್ಷವು ಗುಡಿಯ ಕೆಲಸಕ್ಕೂ, ಶಾಲೆಯ ಕೆಲಸಕ್ಕೂ, ಮನೆಯ ಅಡುಗೆಗೂ ಬರಬಹುದು.

ಇದರ ಮೂಲವನ್ನು ಶರಣರು ಬಹು ಹಿಂದೆಯೇ ಗುರುತಿಸಿದ್ದಾರೆ. ದಾಸೋಹವೆಂಬ ಪದದಲ್ಲಿಯೇ ಅದಕ್ಕೆ ಉತ್ತರವಿದೆ. ‘ನಾನು ದಾಸನು’ ಎಂಬುದು ಆ ಪದದ ಅರ್ಥ. ಮಾಡಿಸುವವನು ಶಿವನು, ಮಾಡುವವನು ಅವನ ಕೈಯಾಳು. ಪಂಚಾಚಾರಗಳಲ್ಲಿ ಭೃತ್ಯಾಚಾರವನ್ನು ಸೇರಿಸಿದುದು ಇದೇ ಕಾರಣದಿಂದ. ಆಳಿಗೆ ಎಷ್ಟು ಹೊರಿಸಬೇಕೆಂಬುದನ್ನು ಒಡೆಯನು ಬಲ್ಲನು. ಆಳು ತನ್ನ ಪಾಲಿನ ಹೊರೆಯನ್ನು ಹೊತ್ತು ಸಂಜೆಗೆ ಇಳಿಸುತ್ತಾನೆ. ಮಳೆ ಬಂದೀತೋ ಬಾರದೋ, ಕಣಜ ತುಂಬೀತೋ ತುಂಬದೋ ಎಂಬ ಚಿಂತೆ ಒಡೆಯನದು. ಆಳು ಒಡೆಯನ ಗಾದಿಯ ಮೇಲೆ ಕುಳಿತು, ಕೆಲಸವನ್ನೂ ಫಲವನ್ನೂ ನಾಳೆಯನ್ನೂ ತಾನೇ ಹೊರಲು ಹೊರಟಾಗ ಬೆನ್ನು ಮುರಿಯುತ್ತದೆ. ಅನೇಕ ವೇಳೆ ಭಕ್ತನನ್ನು ಬಳಲಿಸುವುದು ಶಿವನು ಹೊರಿಸಿದ ಭಾರವಲ್ಲ. ತಾನಾಗಿ ಎತ್ತಿಕೊಂಡ ಭಾರವೇ ಅವನನ್ನು ಬಳಲಿಸುತ್ತದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತೆಯು ಈ ಮರ್ಮವನ್ನು ತೆರೆದು ತೋರಿಸುತ್ತದೆ. ಇಂದಿನ ರಾಯಚೂರು ಜಿಲ್ಲೆಗೆ ಸೇರಿದ ಅಮರೇಶ್ವರದಿಂದ ಈ ದಂಪತಿಗಳು ಕಲ್ಯಾಣಕ್ಕೆ ಬಂದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದ ಲಕ್ಕಮ್ಮನು ಅಡಿಗೆ ಮಾಡಿ ಜಂಗಮ ದಾಸೋಹ ನಡೆಸುವಳು. ಒಮ್ಮೆ ಮಾರಯ್ಯನು ಶರಣರ ಗೋಷ್ಠಿಯಲ್ಲಿ ಕುಳಿತು ಕಾಯಕದ ಹೊತ್ತನ್ನೇ ಮರೆತನು. ಲಕ್ಕಮ್ಮನು ಬಂದು ಎಚ್ಚರಿಸಿದಳು. ಮಾರಯ್ಯನು ಅವಸರದಿಂದ ಹೋಗಿ ಅಕ್ಕಿಯನ್ನು ಆಯ್ದು ತಂದನು. ಆದರೆ ತಂದ ಅಕ್ಕಿ ದಿನದ ಅಳತೆಗಿಂತ ಹೆಚ್ಚಾಗಿತ್ತು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ಇದು ಮನದ ಆಸೆಯೋ, ಈ ಆಸೆ ಅರಸರಿಗಿರಬೇಕಲ್ಲದೆ ಶಿವಭಕ್ತರಿಗೆ ಸಲ್ಲುವುದೇ ಎಂದು ಕೇಳಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು.

ಈ ಚರಿತೆಯನ್ನು ಸಾಮಾನ್ಯವಾಗಿ ಅಪರಿಗ್ರಹದ ಉಪದೇಶವೆಂದು ಓದುವುದು ರೂಢಿ. ಅದು ಸರಿಯೇ. ಆದರೆ ಬಳಲಿದ ಗೃಹಸ್ಥನಿಗೆ ಇದರಲ್ಲಿ ಇನ್ನೊಂದು ಔಷಧವಿದೆ. ಮಾರಯ್ಯನು ತಂದ ಹೆಚ್ಚಿನ ಅಕ್ಕಿ ಕಳ್ಳತನದ್ದಲ್ಲ, ಕೆಟ್ಟ ಉದ್ದೇಶದ್ದೂ ಅಲ್ಲ. ಅದು ಸೇವೆಯ ಅಕ್ಕಿಯೇ. ಆದರೂ ಅದು ಇಂದಿನದಾಗಿರಲಿಲ್ಲ. ನಾಳೆಗೆ ಶಿವನು ಕೊಡುವನೋ ಇಲ್ಲವೋ ಎಂಬ ಸಂದೇಹವು ಆ ಹೆಚ್ಚಿನ ಹಿಡಿಯಲ್ಲಿ ಸೇರಿತ್ತು. ಲಕ್ಕಮ್ಮನು ಮರಳಿ ಸುರಿಸಿದುದು ಆ ಸಂದೇಹವನ್ನು. ಇಂದಿನ ಗೃಹಸ್ಥನ ಸೆರಗಿನಲ್ಲಿಯೂ ಇಂತಹ ಹೆಚ್ಚಿನ ಅಕ್ಕಿ ಎಷ್ಟೋ ಇರುತ್ತದೆ. ಮಗಳ ಮದುವೆ, ಮಗನ ಓದು, ಮುಂದಿನ ವರ್ಷದ ಸಾಲ, ಮಠದ ಕಟ್ಟಡ, ಸಂಘದ ಲೆಕ್ಕ, ಜನರ ಬಾಯಿಯ ಮಾತು ಇವೆಲ್ಲವನ್ನೂ ಅವನು ಒಂದೇ ದಿನದ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾನೆ. ಮುಂದಾಲೋಚನೆ ತಪ್ಪಲ್ಲ. ಬಿತ್ತನೆಯ ಬೀಜವನ್ನು ತೆಗೆದಿಡುವುದೂ ಗೃಹಧರ್ಮವೇ. ಆದರೆ ನಾಳೆಯ ಕೆಲಸವನ್ನು ಯೋಚಿಸುವುದು ಬೇರೆ, ನಾಳೆಯ ಭಾರವನ್ನು ಇಂದೇ ಹೊರುವುದು ಬೇರೆ. ಇಂದಿನ ಕಾಯಕವನ್ನು ಇಂದು ಮಾಡಿ, ಉಳಿದುದನ್ನು ಶಿವನ ಅಂಗಳದಲ್ಲಿ ಸುರಿದು ಬರುವುದನ್ನು ಭಕ್ತನು ಕಲಿಯಬೇಕು. ಆ ದಂಪತಿಗಳು ದಿನದ ಅಲ್ಪ ಅಕ್ಕಿಯಿಂದಲೇ ಅಸಂಖ್ಯಾತ ಶರಣರಿಗೆ ಉಣಬಡಿಸಿದರೆಂದು ಶರಣಚರಿತೆ ಹೇಳುತ್ತದೆ.

ನುಲಿಯ ಚಂದಯ್ಯನ ಚರಿತೆಯು ಈ ವಿಷಯದ ಮತ್ತೊಂದು ಮುಖವನ್ನು ತೋರಿಸುತ್ತದೆ. ಚಂದಯ್ಯನು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದುದರಿಂದ ಜಂಗಮಸೇವೆ ಮಾಡುತ್ತಿದ್ದನು. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳ ಲಿಂಗವು ಜಾರಿ ಬಿದ್ದಿತು. ಚಂದಯ್ಯನು ಕಾಯಕ ನಿಲ್ಲಬಾರದೆಂದು ಅದನ್ನು ಎತ್ತಿಕೊಳ್ಳದೆ ನಡೆದನು. ಲಿಂಗವೇ ಅವನ ಬೆನ್ನು ಹತ್ತಿತು. ಕೊನೆಗೆ ಮಡಿವಾಳ ಮಾಚಯ್ಯನು ನಡುವೆ ನಿಂತು ಇಬ್ಬರನ್ನೂ ಒಂದುಗೂಡಿಸಿದನು. ಈ ಕಥೆಯ ಪೂರ್ವಾರ್ಧವನ್ನು ಮಾತ್ರ ಹಿಡಿದು, ‘ಕೆಲಸವಿದ್ದರೆ ಸಾಕು, ಪೂಜೆ ಏತಕ್ಕೆ’ ಎನ್ನುವವರುಂಟು. ಅವರು ಉತ್ತರಾರ್ಧವನ್ನು ಮರೆಯುತ್ತಾರೆ. ಲಿಂಗವು ಚಂದಯ್ಯನನ್ನು ಬಿಡಲಿಲ್ಲ. ಹಗ್ಗ ಮಾರುವ ಕಾಯಕದಲ್ಲಿ ತಾನೂ ಕೈಗೂಡಿಸಿತು. ದೇವರು ದೂರದಲ್ಲಿ ಕುಳಿತು ಭಕ್ತನ ಬೆವರನ್ನು ಎಣಿಸುವ ಯಜಮಾನನಲ್ಲ, ಹೊರೆಯ ಮತ್ತೊಂದು ತುದಿಗೆ ಕೈಕೊಡುವ ಜೊತೆಗಾರನು ಎಂಬುದು ಈ ಚರಿತೆಯ ತಿರುಳು. ಭಕ್ತನು ಲಿಂಗವನ್ನು ಬಿಟ್ಟು ಮುಂದೆ ನಡೆದಾಗಲೂ ಲಿಂಗವು ಭಕ್ತನ ಹಿಂದೆ ಬರುತ್ತದೆ ಎಂಬುದಕ್ಕಿಂತ ದೊಡ್ಡ ಅಭಯವು ದಣಿದವನಿಗೆ ಬೇರೆ ಯಾವುದಿದೆ?

ಸತ್ಯವು ಒಂದೇ ಮತದ ಸೊತ್ತಲ್ಲ. ಕ್ರೈಸ್ತರ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಎಲೀಯನೆಂಬ ಪ್ರವಾದಿಯ ಚರಿತೆಯಿದೆ. ಕರ್ಮೆಲ್ ಬೆಟ್ಟದ ಮೇಲೆ ಅವನು ತನ್ನ ದೇವರ ಮಹಿಮೆಯನ್ನು ಜನರೆದುರು ಸ್ಥಾಪಿಸಿ ಜಯಶಾಲಿಯಾದನು. ಮರುಕ್ಷಣವೇ ರಾಣಿ ಈಜೆಬೆಲಳ ಬೆದರಿಕೆಗೆ ಅಂಜಿ ಓಡಿ, ಸೇವಕನನ್ನು ಬೇರ್ಷೆಬದಲ್ಲಿ ಬಿಟ್ಟು, ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ಮರಣವನ್ನು ಬೇಡಿದನು. ಅಷ್ಟು ದೊಡ್ಡ ಭಕ್ತನಿಗೂ ಅಂತಹ ಗಳಿಗೆ ಬಂದಿತು. ದೇವರು ಅವನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮೊದಲು ಮಲಗಗೊಟ್ಟನು. ದೇವದೂತನು ಅವನನ್ನು ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆಯ ನೀರನ್ನೂ ತೋರಿದನು. ಅವನು ಉಂಡು ಮತ್ತೆ ಮಲಗಿದನು. ಎರಡನೆಯ ಸಲವೂ ಹಾಗೆಯೇ ಉಣಿಸಿದ ಮೇಲೆ 40 ದಿನಗಳ ದಾರಿ ನಡೆಯುವ ಬಲ ಅವನಿಗೆ ಬಂದಿತು. ಹೋರೇಬ್ ಬೆಟ್ಟದಲ್ಲಿ ದೇವರು ಅವನೊಡನೆ ಮಾತಾಡಿದುದು ಬಿರುಗಾಳಿಯಲ್ಲಿ ಅಲ್ಲ, ಭೂಕಂಪದಲ್ಲಿ ಅಲ್ಲ, ಬೆಂಕಿಯಲ್ಲಿಯೂ ಅಲ್ಲ, ಮೆಲುದನಿಯಲ್ಲಿ. ತಾನೊಬ್ಬನೇ ಉಳಿದಿದ್ದೇನೆಂದು ಎಲೀಯನು ಅಳಲಿದಾಗ, ಅವನಂತೆಯೇ ತಲೆಬಾಗದೆ ಉಳಿದ 7,000 ಜನರಿದ್ದಾರೆಂದು ದೇವರು ತಿಳಿಸಿದನು. ಅವನ ನೆರವಿಗೂ ನಂತರದ ಕೆಲಸಕ್ಕೂ ಎಲೀಷನನ್ನು ಕೊಟ್ಟನು. ನಿದ್ರೆ, ಅನ್ನ, ಏಕಾಂತದ ದನಿ, ಜೊತೆಗಾರ ಈ ನಾಲ್ಕೇ ಆ ಚಿಕಿತ್ಸೆ. ಶರಣಮಾರ್ಗವನ್ನು ಬಲ್ಲವನಿಗೆ ಇವು ಹೊಸವಲ್ಲ.

ಮೊದಲನೆಯದಾಗಿ ಏಕಾಂತದ ದನಿಯನ್ನು ನೋಡಬೇಕು. ಲಿಂಗವಂತನಿಗೆ ಅದು ದೊರೆಯುವುದು ಇಷ್ಟಲಿಂಗ ಪೂಜೆಯಲ್ಲಿ. ಎಡಗೈಯ ಅಂಗೈಯಲ್ಲಿ ಲಿಂಗವಿರುವಾಗ ಆ ಕೈ ಬೇರೊಂದು ಕೆಲಸವನ್ನು ಮಾಡಲಾರದು. ದಿನವೆಲ್ಲ ನೇಗಿಲು, ತಕ್ಕಡಿ, ಲೇಖನಿ, ಸೌಟು ಹಿಡಿದ ಕೈಗೆ ಶಿವನು ವಿಧಿಸಿದ ಬಿಡುವು ಅದು. ಬಳಲಿದವನು ಮೊದಲು ಕಡಿಮೆ ಮಾಡುವುದು ಪೂಜೆಯ ಹೊತ್ತನ್ನೇ. ಇದು ಬಾಯಾರಿದವನು ಬಾವಿಗೆ ಹೋಗುವ ಹೊತ್ತನ್ನು ಉಳಿಸಿದಂತೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದರು. 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿ, 1941ರಲ್ಲಿ ಮಠದ ಪೂರ್ಣಭಾರ ಹೊತ್ತರು. ಸಹಸ್ರಾರು ಮಕ್ಕಳ ಅನ್ನ, ವಸತಿ, ವಿದ್ಯೆಯ ಹೊಣೆಯನ್ನು ಬಹು ದಶಕಗಳ ಕಾಲ ನಡೆಸಿದರು. ಆರಂಭದ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಭಿಕ್ಷೆಗೆ ಹೋದರು. ಇಷ್ಟು ದೀರ್ಘವಾದ ಸೇವೆಯಲ್ಲಿ ಅವರ ದಿನವು ಬೆಳಗಾಗುವ ಮೊದಲೇ ಲಿಂಗಪೂಜೆಯಿಂದ ತೊಡಗುತ್ತಿತ್ತು. ಪೂಜೆಯು ಅವರಿಗೆ ಕೆಲಸಗಳ ಸಾಲಿನಲ್ಲಿ ಇನ್ನೊಂದು ಕೆಲಸವಾಗಿರಲಿಲ್ಲ, ಎಲ್ಲ ಕೆಲಸಗಳಿಗೂ ನೀರೂಡುವ ಸೆಲೆಯಾಗಿತ್ತು.

ಎರಡನೆಯದು ಅನ್ನ ಮತ್ತು ನಿದ್ರೆ. ಷಟ್‌ಸ್ಥಲದಲ್ಲಿ ಭಕ್ತಸ್ಥಲದ ಶ್ರದ್ಧೆಯೂ ಮಹೇಶ್ವರಸ್ಥಲದ ನಿಷ್ಠೆಯೂ ಆದ ಮೇಲೆ ಪ್ರಸಾದಿಸ್ಥಲದ ಅವಧಾನಭಕ್ತಿ ಬರುತ್ತದೆ. ಶ್ರದ್ಧೆ ನಿಷ್ಠೆಗಳಿದ್ದು ಅವಧಾನವಿಲ್ಲದ ಭಕ್ತನೇ ಬೇಗ ಬಳಲುವವನು. ಪ್ರಸಾದಿಯು ದೇಹವನ್ನು ತನ್ನದೆಂದು ಬಗೆಯುವುದಿಲ್ಲ, ಲಿಂಗದ ಮನೆಯೆಂದು ಬಗೆಯುತ್ತಾನೆ. ಪರರ ಮನೆಯನ್ನು ಕಾಯುವವನು ಅದರ ಗೋಡೆ ಬೀಳಗೊಡುವನೇ? ಹೊತ್ತಿಗೆ ಸರಿಯಾಗಿ ಲಿಂಗಾರ್ಪಿತ ಮಾಡಿ ಉಣ್ಣುವುದು, ರಾತ್ರಿ ಲೆಕ್ಕದ ಪುಸ್ತಕವನ್ನು ಮುಚ್ಚಿ ಮಲಗುವುದು, ಅಸ್ವಸ್ಥನಾದಾಗ ಕೆಲಸ ನಿಲ್ಲಿಸುವುದು ಇವೂ ಶಿವಪೂಜೆಯ ಅಂಗಗಳೇ. ‘ನಾನು ಮಲಗಿದರೆ ಲೋಕ ನಡೆಯದು’ ಎಂದು ತಿಳಿದವನು ಲೋಕವನ್ನು ನಡೆಸುವವನನ್ನು ಮರೆತಿದ್ದಾನೆ.

ಮೂರನೆಯದು ಶರಣಸಂಗ. ಅನುಭವ ಮಂಟಪದಲ್ಲಿ ಬಸವಣ್ಣನವರು ಒಬ್ಬರೇ ಕುಳಿತಿರಲಿಲ್ಲ. ಶೂನ್ಯಪೀಠದ ಮೇಲೆ ಅಲ್ಲಮಪ್ರಭುಗಳು ಇದ್ದರು, ಚೆನ್ನಬಸವಣ್ಣನ ಜ್ಞಾನವಿದ್ದಿತು, ಮಾಚಯ್ಯನ ಧೈರ್ಯವಿದ್ದಿತು, ಅಕ್ಕನಾಗಮ್ಮನ ಮಮತೆಯಿದ್ದಿತು. ಒಬ್ಬರು ತಪ್ಪಿದರೆ ಮತ್ತೊಬ್ಬರು ತಿದ್ದಿದರು. ಬಳಲಿದವನು ಮಾಡುವ ತಪ್ಪೆಂದರೆ ತನ್ನ ಬಳಲಿಕೆಯನ್ನು ಮುಚ್ಚಿಟ್ಟುಕೊಳ್ಳುವುದು. ಹಿರಿಯರೊಡನೆ, ಗುರುವಿನೊಡನೆ, ಸತಿಪತಿಗಳು ತಮ್ಮೊಳಗೆ ಅದನ್ನು ಹೇಳಿಕೊಳ್ಳಬೇಕು. ಗೃಹಸ್ಥರಿಗೆ ಇಲ್ಲಿ ಒಂದು ಕಹಿಯಾದ ಮಾತೂ ಸಲ್ಲುತ್ತದೆ. ಎಷ್ಟೋ ಮನೆಗಳಲ್ಲಿ ಎಲ್ಲರಿಗಿಂತ ಮೊದಲೆದ್ದು ಎಲ್ಲರ ಅನಂತರ ಮಲಗುವ ಗೃಹಿಣಿಯ ದಣಿವನ್ನು ಯಾರೂ ಕೇಳುವುದಿಲ್ಲ. ಸಂಜೆ ಕಾಯಕತತ್ತ್ವದ ಮೇಲೆ ಭಾಷಣ ಮಾಡಿ ಬಂದ ಗಂಡನು ಮನೆಯಲ್ಲಿ ಒಂದು ತಂಬಿಗೆ ನೀರನ್ನು ತಾನಾಗಿ ತೆಗೆದುಕೊಳ್ಳದಿದ್ದರೆ, ಆ ಭಾಷಣವು ಯಾವ ಲಿಂಗಕ್ಕೆ ಅರ್ಪಿತವಾದೀತು? ಲಕ್ಕಮ್ಮನ ಮಾತನ್ನು ಮಾರಯ್ಯನು ಕೇಳಿದನು, ಅದರಿಂದಲೇ ಇಬ್ಬರೂ ಶರಣರೆನಿಸಿದರು. ಹೊರೆಯನ್ನು ಹಂಚಿಕೊಳ್ಳುವುದು ಕೂಡ ದಾಸೋಹವೇ.

ಇಷ್ಟಾದರೂ ಒಂದು ಸಂಕಟ ಉಳಿಯುತ್ತದೆ. ಪೂಜೆ ಮಾಡಿಯೂ, ವಿಶ್ರಾಂತಿ ಪಡೆದೂ, ಸಂಗದಲ್ಲಿದ್ದೂ ಫಲ ಕಾಣದ ಕಾಯಕವು ಮನಸ್ಸನ್ನು ಕುಗ್ಗಿಸುತ್ತದೆ. ಅದಕ್ಕೆ ಕಲ್ಯಾಣದ ಕಥೆಯೇ ಉತ್ತರ ಹೇಳುತ್ತದೆ. ಹರಳಯ್ಯ ಮಧುವರಸರಿಗೆ ಘೋರ ಶಿಕ್ಷೆಯಾಗಿ ಕಲ್ಯಾಣವು ಅಲ್ಲೋಲಕಲ್ಲೋಲವಾಯಿತು. ಬಸವಣ್ಣನವರು ತಾವು ಕಟ್ಟಿದುದನ್ನೆಲ್ಲ ಬಿಟ್ಟು ಕೂಡಲಸಂಗಮಕ್ಕೆ ನಡೆದರು. ಲೋಕದ ಕಣ್ಣಿಗೆ ಅದು ಸೋಲಾಗಿ ಕಂಡಿರಬೇಕು. ಆದರೆ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರು. 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ನೂರೊಂದು ವಿರಕ್ತರು ಅವನ್ನು ಮತ್ತೆ ಸಂಗ್ರಹಿಸಿದರು. ಅನಂತರ ಮತ್ತೆ ಶತಮಾನಗಳ ಕಾಲ ಆ ಓಲೆಗಳಲ್ಲಿ ಬಹುಭಾಗವು ಮಠಗಳಲ್ಲಿ, ಮನೆಗಳ ಗೂಡುಗಳಲ್ಲಿ ಉಳಿದವು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದು ಓಲೆಗರಿಗಳನ್ನು ಹುಡುಕಿ, ಓದಿ, ಹೋಲಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಗಳಿಸಿದ ಹಣವೆಲ್ಲ ಮುದ್ರಣಕ್ಕೆ ಸಂದಿತು, ಬಾಳು ಬಡತನದಲ್ಲಿ ಸವೆಯಿತು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ಆ ಕಾಯಕವನ್ನು ಬಿಡಲಿಲ್ಲ. ಇಂದು ಪ್ರತಿ ಮನೆಯಲ್ಲಿ ಮಕ್ಕಳ ಬಾಯಲ್ಲಿರುವ ವಚನವು ಈ ಎಲ್ಲ ಕೈಗಳನ್ನು ದಾಟಿ ಬಂದುದು. ಉಳವಿಯ ದಾರಿಯಲ್ಲಿ ಕಟ್ಟು ಹೊತ್ತವನು ಇದನ್ನು ಕಾಣಲಿಲ್ಲ. ಅವನ ಪಾಲಿಗೆ ಬಂದುದು ಆ ದಿನದ ದಾರಿ, ಆ ದಿನದ ಹೊರೆ. ಉಳಿದುದನ್ನು ಶಿವನು ನಡೆಸಿದನು.

ಶಿವನನ್ನು ನೆಮ್ಮುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದು ತಿಳಿಯಬಾರದು. ಎತ್ತಿಗೆ ಮೇವು ಹಾಕದೆ ಶಿವನ ಇಚ್ಛೆಯೆನ್ನುವುದು ಭಕ್ತಿಯಲ್ಲ. ಹಾಗೆಯೇ, ಮನ ಕುಗ್ಗಿದವನನ್ನು ಭಕ್ತಿ ಸಾಲದವನೆಂದು ಹಳಿಯುವುದೂ ಶಿವಾಚಾರವಲ್ಲ. ಅನೇಕ ದಿನಗಳಿಂದ ನಿದ್ರೆ ಬಾರದಿದ್ದರೆ, ಅನ್ನ ಸೇರದಿದ್ದರೆ, ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ, ಮನೆಯವರು ತಡಮಾಡದೆ ಅವನ ಬಳಿ ಕುಳಿತು, ಬಲ್ಲ ವೈದ್ಯರಲ್ಲಿಗೆ ಕರೆದೊಯ್ಯಬೇಕು. ವೈದ್ಯನ ಕೈಯೂ ಶಿವನ ಕೈಯೇ. ಎಲೀಯನಿಗೆ ಮೊದಲು ಬಂದುದು ಉಪದೇಶವಲ್ಲ, ರೊಟ್ಟಿ ಎಂಬುದನ್ನು ಮರೆಯಬಾರದು.

ಭಾವ ಬತ್ತಿದ ದಿನ ಪೂಜೆ ವ್ಯರ್ಥವೆಂದೂ ಎಣಿಸಬೇಕಾಗಿಲ್ಲ. ಮನಸ್ಸಿನ ಚಂಚಲತೆಗಾಗಿ, ತಮ್ಮ ಭಕ್ತಿಯ ಕೊರತೆಗಾಗಿ ಬಸವಣ್ಣನವರೇ ಕೂಡಲಸಂಗಮದೇವನ ಮುಂದೆ ಮೊರೆಯಿಟ್ಟ ವಚನಗಳು ಎಷ್ಟೋ ಇವೆ. ಚೆನ್ನಮಲ್ಲಿಕಾರ್ಜುನನನ್ನು ಅರಸಿ ಹೊರಟ ಅಕ್ಕಮಹಾದೇವಿಯ ದಾರಿಯಲ್ಲಿಯೂ ಅಗಲಿಕೆಯ ಬೇಗೆ ಇದ್ದಿತು. ಅವರು ಮೊರೆಯಿಟ್ಟುದು ಶಿವನಿಗೆ ಬೆನ್ನು ತಿರುಗಿಸಿ ಅಲ್ಲ, ಶಿವನ ಮುಖವನ್ನು ನೋಡಿ. ‘ಅಯ್ಯಾ, ನನ್ನಿಂದಾಗದು’ ಎಂದು ಲಿಂಗದ ಮುಂದೆ ಒಪ್ಪಿಕೊಂಡ ದಿನವೇ ಅನೇಕರ ಭಾರ ಇಳಿದಿದೆ. ತನ್ನಿಂದಾಗದೆಂಬ ಅರಿವೇ ಶರಣುಹೊಗುವುದಕ್ಕೆ ಬಾಗಿಲು.

ಆದುದರಿಂದ ದಣಿದ ಸದ್ಭಕ್ತನು ಇಂದಿನ ಸಂಜೆ ಇಷ್ಟು ಮಾಡಲಿ. ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿ ಇಟ್ಟು, ಅಂದು ಮಾಡಿದುದನ್ನೂ ಮಾಡಲಾಗದುದನ್ನೂ ಒಂದೊಂದಾಗಿ ಹೇಳಿ ಅರ್ಪಿಸಲಿ. ನಾಳೆಗೆಂದು ಸೆರಗಿನಲ್ಲಿ ಕಟ್ಟಿಕೊಂಡ ಹೆಚ್ಚಿನ ಅಕ್ಕಿ ಯಾವುದೆಂದು ಹುಡುಕಲಿ, ಅದನ್ನು ಅಲ್ಲಿಯೇ ಸುರಿಯಲಿ. ಪ್ರಸಾದವನ್ನು ಮನೆಯವರೊಡನೆ ಕುಳಿತು ಸ್ವೀಕರಿಸಿ, ನಿಶ್ಚಿಂತೆಯಿಂದ ಮಲಗಲಿ. ಬೆಳಗಿಗೆ ಕಾಯಕವು ಅವನಿಗಾಗಿ ಕಾದಿರುತ್ತದೆ, ಹೊರೆಯ ಮತ್ತೊಂದು ತುದಿಯನ್ನು ಹಿಡಿದು ಶಿವನೂ ನಿಂತಿರುತ್ತಾನೆ. ಕಾಯಕನಿರತರಾದ ಸಕಲ ಸದ್ಭಕ್ತರಿಗೂ ಆ ಪರಶಿವನು ಬಲವನ್ನೂ ಬಿಡುವನ್ನೂ ಶಾಂತಿಯನ್ನೂ ಕರುಣಿಸಲಿ. ಸರ್ವರಿಗೂ ಮಂಗಳವಾಗಲಿ.